ಮೀನಿನ ತೊಟ್ಟಿಯ ನೀರು, ಮನೆಯವರ ಬೆನ್ನು

ಮಕ್ಕಳ ಹಟಕ್ಕೆ ಮಣಿದು ಮನೆಗೆ ಬರುವ ವಸ್ತುಗಳಲ್ಲಿ ಅಕ್ವೇರಿಯಂ, ಅಂದರೆ ಗಾಜಿನ ಮೀನಿನ ತೊಟ್ಟಿ, ಸ್ವಲ್ಪ ವಿಚಿತ್ರವಾದುದು. ಸೈಕಲ್ ತಂದರೆ ಅದನ್ನು ತುಳಿಯುವವನು ಮಗನೇ. ಕೇರಂ ಬೋರ್ಡ್ ತಂದರೆ ಆಡುವವರೂ ಮಕ್ಕಳೇ. ಮೀನಿನ ತೊಟ್ಟಿಯ ವಿಷಯದಲ್ಲಿ ಹಾಗಾಗುವುದಿಲ್ಲ. ಮೊದಲ ಎರಡು ವಾರ ಮೀನಿಗೆ ಮೇವು ಹಾಕಲು ಅಣ್ಣತಂಗಿಯರಲ್ಲಿ ಪೈಪೋಟಿ. ಮೂರನೆಯ ವಾರ ಗಾಜಿಗೆ ಪಾಚಿ ಹಿಡಿದು ನೀರು ಮಬ್ಬಾದಾಗ ಸೆರಗು ಸಿಕ್ಕಿಸಿಕೊಂಡು ಬಕೀಟು ಹಿಡಿಯುವವರು ತಾಯಿ, ಇಲ್ಲವೆ ಮನೆಯಲ್ಲಿರುವ ಅಜ್ಜಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಇದು ನಕ್ಕು ಬಿಡುವ ವಿಷಯವಲ್ಲ. ತುಮಕೂರು ಜಿಲ್ಲೆಯ ಈ ಒಣಸೀಮೆಯಲ್ಲಿ ಜಯಮಂಗಲಿಯಾಗಲಿ ಸುವರ್ಣಮುಖಿಯಾಗಲಿ ಮಳೆ ಬಂದಾಗ ಹರಿದು, ಮಳೆ ನಿಂತ ಮೇಲೆ ಮರಳಾಗುವ ಹೊಳೆಗಳು. ಕುಡಿಯುವ ನೀರಿನ ದಾರಿ ಒಂದು, ಬಳಸುವ ನೀರಿನ ದಾರಿ ಇನ್ನೊಂದು. ನಲ್ಲಿಯಲ್ಲಿ ಬಂದಾಗ ಡ್ರಮ್ಮಿಗೆ ತುಂಬಿಡಬೇಕು. ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ಹೊತ್ತು ತರಬೇಕು. ವಾರವೆಲ್ಲ ಹೀಗೆ ನೀರು ಹೊತ್ತ ಸೊಂಟಕ್ಕೆ ಭಾನುವಾರ ಮೀನಿನ ತೊಟ್ಟಿಯೂ ಸೇರಿಕೊಂಡರೆ ‘ಈ ಮೀನು ಯಾರಿಗೆ ಬೇಕಾಗಿತ್ತು?’ ಎಂಬ ಮಾತು ಬರುವುದು ಸಹಜವೇ. ಎಷ್ಟೋ ಮನೆಗಳ ಅಟ್ಟದ ಮೇಲೆ ಖಾಲಿ ಗಾಜಿನ ತೊಟ್ಟಿಯೊಂದು ಬೋರಲು ಮಲಗಿರುತ್ತದೆ. ಮೀನು ಸತ್ತಿತು, ಅದಕ್ಕೆ ತೆಗೆದಿಟ್ಟೆವು ಎನ್ನುತ್ತಾರೆ ಮನೆಯವರು. ಸ್ವಲ್ಪ ಕೆದಕಿ ಕೇಳಿದರೆ ಮೀನಿಗಿಂತ ಮೊದಲು ಬೆನ್ನು ಸೋತಿತ್ತು ಎಂಬುದು ಗೊತ್ತಾಗುತ್ತದೆ.

ಮೊದಲು ತೂಕದ ಲೆಕ್ಕ ನೋಡೋಣ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಒಂದು ಗ್ರಾಂ ಎಂಬುದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಮಾತು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎರಡಡಿ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ ಇರುತ್ತದೆ. ಅದರಲ್ಲಿ 25 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ 45 ಲೀಟರ್. ಎಂದರೆ 45 ಕಿಲೋ. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿದರೆ 90 ಕಿಲೋ ನೀರು ಕೈಬದಲಾಯಿಸಿತು. 15 ಲೀಟರಿನ ಬಿಂದಿಗೆಯಲ್ಲಿ ಆರು ಬಿಂದಿಗೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಾದರೆ ಕತೆ ಬೇರೆಯೇ. 90, 45, 40 ಇವುಗಳನ್ನು ಗುಣಿಸಿ ನೋಡಿದರೆ 162 ಲೀಟರ್. ಮದುವೆ ಮನೆಯ ಅಡುಗೆಯವರು ಕೂಡ ಇಷ್ಟು ನೀರು ಹೊರಲು ಇನ್ನೊಬ್ಬರನ್ನು ಕರೆಯುತ್ತಾರೆ.

ಆದರೆ ನೋವಿಗೆ ಕಾರಣ ತೂಕವೊಂದೇ ಅಲ್ಲ. 11 ಲೀಟರ್ ನೀರನ್ನು ಒಂದು ಮೀಟರ್ ಮೇಲೆತ್ತಲು ಬೇಕಾದ ಕೆಲಸ ಸುಮಾರು 108 ಜೂಲ್. ಈ ಸೀಮೆಯ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಯ ಒಂದೇ ಒಂದು ಬೀಜದಲ್ಲಿ ಹತ್ತು ಸಾವಿರ ಜೂಲಿಗೂ ಹೆಚ್ಚು ಶಕ್ತಿ ಅಡಗಿದೆ. ನಮ್ಮ ದೇಹ ತಿಂದದ್ದರಲ್ಲಿ ಐದನೆಯ ಒಂದು ಪಾಲನ್ನಷ್ಟೇ ಸ್ನಾಯುಗಳ ಕೆಲಸಕ್ಕೆ ತಿರುಗಿಸಬಲ್ಲದು ಎಂದುಕೊಂಡರೂ ಒಂದು ಬೀಜ ತಿಂದವರು ಅಂಥ ಹಲವು ಬಕೀಟುಗಳನ್ನು ಎತ್ತಬಹುದು. ಹಾಗಿದ್ದೂ ಸೊಂಟ ಹಿಡಿದುಕೊಳ್ಳುವುದೇಕೆ? ಉತ್ತರ ಸನ್ನೆಕೋಲಿನ ಪಾಠದಲ್ಲಿದೆ.

ಬಾಗಿ ಬಕೀಟು ಎತ್ತುವಾಗ ಸೊಂಟದ ಕಶೇರು ಆಧಾರ ಬಿಂದುವಾಗುತ್ತದೆ. ಮುಂದೆ ಚಾಚಿದ ಕೈಯಲ್ಲಿರುವ ಬಕೀಟು ಅದರಿಂದ 40 ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಅದನ್ನು ತಡೆದು ಹಿಡಿಯಬೇಕಾದ ಬೆನ್ನಿನ ಸ್ನಾಯು ಇರುವುದು ಬೆನ್ನುಮೂಳೆಯ ಹಿಂದೆ ಸುಮಾರು ಐದು ಸೆಂಟಿಮೀಟರ್ ದೂರದಲ್ಲಿ ಮಾತ್ರ. ದೂರ ಎಂಟನೆಯ ಒಂದು ಪಾಲು, ಆದ್ದರಿಂದ ಬಲ ಎಂಟು ಪಟ್ಟು. 15 ಕಿಲೋ ಬಿಂದಿಗೆಗೆ ಸ್ನಾಯು 120 ಕಿಲೋ ಭಾರದಷ್ಟು ಬಲದಿಂದ ಎಳೆಯಬೇಕು. ಇದರ ಮೇಲೆ, ಬಾಗಿದ ನಮ್ಮ ಎದೆ, ತಲೆ, ಭುಜಗಳ ತೂಕವನ್ನೂ ಅದೇ ಸ್ನಾಯು ಹೊರಬೇಕು. ಇಷ್ಟೆಲ್ಲ ಎಳೆತವೂ ಕಶೇರುಗಳ ನಡುವೆ ಇರುವ ಮೆತ್ತೆಯನ್ನು ಹಿಂಡುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಚೆಮ್ಸನ್ 1960ರ ದಶಕದಲ್ಲಿ ಈ ಮೆತ್ತೆಯೊಳಕ್ಕೇ ಸೂಜಿ ಇಳಿಸಿ ಒತ್ತಡ ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡ 100 ಎಂದಿಟ್ಟುಕೊಂಡರೆ ಮುಂದಕ್ಕೆ ಬಾಗಿದಾಗ ಅದು ಸುಮಾರು 150. ಬಾಗಿ ಕೈಯಲ್ಲಿ ಭಾರವನ್ನೂ ಹಿಡಿದರೆ ಇನ್ನೂರು ದಾಟುತ್ತದೆ. ಹಳ್ಳಿಯ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊರುವಾಗ ಭಾರ ಬೆನ್ನುಮೂಳೆಯ ನೇರಕ್ಕೇ ಇರುತ್ತದೆ, ಮುಂದಕ್ಕೆ ಚಾಚುವುದಿಲ್ಲ. ಕುತ್ತಿಗೆಗೆ ಅದರ ಕಷ್ಟ ಇದ್ದೇ ಇದೆ; ಆದರೆ ಸನ್ನೆಕೋಲಿನ ಲೆಕ್ಕದಲ್ಲಿ ಅವರದೇ ಸರಿ.

ಮೀನಿನ ತೊಟ್ಟಿಯ ಮುಂದೆ ಈ ಜಾಣತನ ನಡೆಯುವುದಿಲ್ಲ. ತೊಟ್ಟಿ ಇರುವುದು ಗೋಡೆಗೆ ಒತ್ತಿದ ಮೇಜಿನ ಮೇಲೆ. ಚೊಂಬಿನಲ್ಲಿ ಮೊಗೆದು ಮೊಗೆದು ನೆಲದ ಮೇಲಿನ ಬಕೀಟಿಗೆ ಸುರಿಯಬೇಕು, ತುಂಬಿದ ಬಕೀಟನ್ನು ಬಾಗಿ ಎತ್ತಬೇಕು, ಹೊಸ ನೀರನ್ನು ಎದೆಮಟ್ಟಕ್ಕೆ ಏರಿಸಿ ಕೈ ಚಾಚಿ ನಿಧಾನವಾಗಿ ಹುಯ್ಯಬೇಕು. ಬೆನ್ನಿಗೆ ಆಗಬಾರದ ಭಂಗಿಗಳೆಲ್ಲ ಒಂದೇ ಕೆಲಸದಲ್ಲಿ ಬಂದುಬಿಡುತ್ತವೆ.

ಈ ಭಾಗದವರ ಬೆನ್ನಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಗ್ರಾನೈಟ್ ಜಾತಿಯ ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತ ಅಂತರ್ಜಲ ಬಂಡೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಪಾವಗಡ ತಾಲ್ಲೂಕಿನ ಕೊಳವೆ ಬಾವಿಗಳು ಇದಕ್ಕೆ ಬಹಳ ಹಿಂದಿನಿಂದಲೂ ಹೆಸರಾದವು. ಶಿರಾ, ಮಧುಗಿರಿ ಕಡೆಯ ಹಳ್ಳಿಗಳಲ್ಲೂ ಈ ತೊಂದರೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದ ಕಡೆ ಒಂದೂವರೆಯವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಅದಕ್ಕಿಂತ ಹೆಚ್ಚಾಗಿ, ಹೆಚ್ಚು ಕಾಲ ಕುಡಿದ ದೊಡ್ಡವರಲ್ಲಿ ಮೂಳೆಯ ಸುತ್ತಲಿನ ಕಟ್ಟುಗಳು ಗಡುಸಾಗಿ ಕುತ್ತಿಗೆ, ಬೆನ್ನು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಶಾರ್ಟ್ ಎಂಬ ವೈದ್ಯಾಧಿಕಾರಿ ಮತ್ತು ಅವರ ಸಂಗಡಿಗರು.

ಮನೆಯ ಹಿರಿಯರಿಗೆ ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟಲು ಆಗುತ್ತದೆಯೇ, ಗಲ್ಲವನ್ನು ಎದೆಗೆ ತಾಗಿಸಲು ಆಗುತ್ತದೆಯೇ, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯಲು ಆಗುತ್ತದೆಯೇ ಎಂದು ಕೇಳಿ ನೋಡಬಹುದು. ಫ್ಲೋರೋಸಿಸ್ ಇರುವ ಊರುಗಳಲ್ಲಿ ಆರೋಗ್ಯ ಕಾರ್ಯಕರ್ತರು ಮಾಡಿಸುವ ಸರಳ ಪರೀಕ್ಷೆಗಳು ಇವು. ಆಗದಿದ್ದ ಮಾತ್ರಕ್ಕೆ ಇದೇ ಕಾಯಿಲೆ ಎಂದು ಹೇಳಲಾಗದು, ವಯಸ್ಸಿನಿಂದಲೂ ಹಾಗಾಗಬಹುದು. ವೈದ್ಯರಿಗೆ ತೋರಿಸಬೇಕು, ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಬೇಕು. ಆದರೆ ಅಷ್ಟರವರೆಗೆ ಅಂಥವರ ಕೈಗೆ ಮೀನಿನ ತೊಟ್ಟಿಯ ಬಕೀಟು ಕೊಡುವುದು ಯಾವ ನ್ಯಾಯ? ಅಂದ ಹಾಗೆ, ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ಇನ್ನೂ ಕೆಲವರಲ್ಲಿದೆ. ಕುದಿಸಿದಾಗ ಆವಿಯಾಗುವುದು ನೀರು. ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ.

ಇನ್ನು ತೊಟ್ಟಿಯ ಕಡೆಗೆ ಬರೋಣ. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಕ್ರಮವೆಂದರೆ ತಿಂಗಳಿಗೊಮ್ಮೆ ‘ಕ್ಲೀನಿಂಗ್’. ಮೀನುಗಳನ್ನು ಬಕೀಟಿಗೆ ಹಾಕಿ, ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಸೋಪಿನ ಪುಡಿಯಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹೊಸ ನೀರು ತುಂಬಿ ಮೀನು ಬಿಡುವುದು. ತೊಟ್ಟಿ ಫಳಫಳ ಹೊಳೆಯುತ್ತದೆ. ಮೂರನೆಯ ದಿನ ಒಂದು ಮೀನು ತೇಲುತ್ತದೆ. ಇಷ್ಟು ಚೊಕ್ಕ ಮಾಡಿದರೂ ಸತ್ತಿತಲ್ಲ ಎಂದು ಮನೆಯವರು ಪೇಚಾಡುತ್ತಾರೆ.

ಅಷ್ಟು ಚೊಕ್ಕ ಮಾಡಿದ್ದೇ ಅದಕ್ಕೆ ಮುಳುವಾಯಿತು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ಉಳಿದ ಮೇವು ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕ್ಷಾರಗುಣದ ನೀರಿನಲ್ಲಂತೂ ಆ ವಿಷ ಇನ್ನೂ ಪ್ರಖರ, ನಮ್ಮ ಕೊಳವೆ ಬಾವಿಗಳ ನೀರು ಬಹುಮಟ್ಟಿಗೆ ಅಂಥದೇ. ಅದೃಷ್ಟವೆಂದರೆ, ಕಲ್ಲು, ಮರಳು, ಫಿಲ್ಟರಿನ ಸ್ಪಂಜು ಇವುಗಳ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಅಷ್ಟೇನೂ ಅಪಾಯವಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಲದ ಮಣ್ಣಿನಲ್ಲಿ ಗೊಬ್ಬರಕ್ಕೆ ಆಗುವುದೂ ಇದೇ. ಹೊಸ ತೊಟ್ಟಿಯಲ್ಲಿ ಈ ಜೀವಿಗಳ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಸೋಪು, ಬಿಸಿಲು ಎರಡೂ ಸೇರಿ ಅದನ್ನು ಒಂದೇ ಮಧ್ಯಾಹ್ನ ಅಳಿಸಿಹಾಕುತ್ತವೆ.

ಆದ್ದರಿಂದ ಮಾಡಬೇಕಾದದ್ದು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು, ಉಳಿದ ಮುಕ್ಕಾಲು ಭಾಗ ಹಾಗೇ ಬಿಡುವುದು. ಎರಡಡಿ ತೊಟ್ಟಿಗೆ ಇದು 11 ಲೀಟರ್. ನೈಟ್ರೇಟೂ ಹೆಚ್ಚಾಗದಂತೆ ತಡೆಯಲು ಇಷ್ಟು ಸಾಕು. ಮೀನುಗಳು ಕಡಿಮೆ ಇದ್ದು ಗಿಡ ಚೆನ್ನಾಗಿ ಬೆಳೆದಿದ್ದರೆ ಎರಡು ವಾರಕ್ಕೊಮ್ಮೆ ಬದಲಿಸಿದರೂ ನಡೆಯುತ್ತದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ಬಸವನ ಹುಳು ಮೂರನ್ನೂ ಒಂದೇ ತೊಟ್ಟಿಯಲ್ಲಿ ಇಟ್ಟು ಗಿಡ ಮತ್ತು ಪ್ರಾಣಿ ಒಂದಕ್ಕೊಂದು ಹೇಗೆ ಆಧಾರ ಎಂದು ತೋರಿಸಿದ್ದ. ಇಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಯೂ ಇಲ್ಲ. ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಕೆರೆಯಿಂದ ತರುವ ಹೈಡ್ರಿಲಾ ಗಿಡವೇ ಸಾಕು. ಚೆನ್ನಾಗಿ ಜಾಲಿಸಿ ಹಾಕಬೇಕು. ಇಲ್ಲವಾದರೆ ಅದರ ಜತೆ ಏರೋಪ್ಲೇನ್ ಚಿಟ್ಟೆಯ ಮರಿ ಒಳಗೆ ಬಂದು ಮೀನಿನ ಮರಿಗಳನ್ನೇ ಹಿಡಿದು ತಿನ್ನುತ್ತದೆ.

90 ಕಿಲೋ ಇದ್ದದ್ದು ಈಗ 22 ಕಿಲೋಗೆ ಇಳಿಯಿತು. ಈ 22 ಕಿಲೋವನ್ನೂ ಎತ್ತದೆ ಇರುವುದು ಹೇಗೆ?

ಈ ನಾಲ್ಕು ತಾಲ್ಲೂಕುಗಳ ಹಳಬರಿಗೆ ಇದರ ಉತ್ತರ ಹೊಸದೇನಲ್ಲ. ಬಾವಿಯಿಂದ ಕಪಿಲೆ ಹೊಡೆದು ನೀರೆತ್ತುವಾಗ ಎತ್ತುಗಳ ಕುತ್ತಿಗೆ ಸವೆಯುತ್ತಿತ್ತು. ಆದರೆ ತಲಪರಿಗೆ ಇದ್ದ ಊರಿನಲ್ಲಿ ಆ ಕಷ್ಟವಿರಲಿಲ್ಲ. ಮರಳು ನೆಲದಲ್ಲಿ ಜಿನುಗುವ ಊಟೆಯ ಬಾಯಿ ಬಿಡಿಸಿ, ಅಲ್ಲಿಂದ ಇಳಿಜಾರಿಗೆ ಕಾಲುವೆ ತೋಡಿದರೆ ನೀರು ತಾನಾಗಿ ತೋಟ ಗದ್ದೆಗಳಿಗೆ ಹರಿಯುತ್ತಿತ್ತು. ಊರಿನವರು ಸೇರಿ ಹೂಳು ತೆಗೆದರೆ ಆಯಿತು, ಎತ್ತುವ ಮಾತಿಲ್ಲ. ಕೊಳವೆ ಬಾವಿಗಳು ಹೆಚ್ಚಿದ ಮೇಲೆ ಬಹಳಷ್ಟು ತಲಪರಿಗೆಗಳು ಬತ್ತಿದವು, ಅದು ಬೇರೆಯೇ ದುಃಖ. ನೀರನ್ನು ಇಳಿಜಾರಿಗೆ ಬಿಡು, ಹೊರಬೇಡ ಎಂಬ ಆ ಉಪಾಯ ಮಾತ್ರ ಮೀನಿನ ತೊಟ್ಟಿಗೂ ಒಪ್ಪುತ್ತದೆ. ತೊಟ್ಟಿಯ ಅಂಚನ್ನು ದಾಟುವುದೊಂದೇ ತೊಡಕು, ಅದಕ್ಕೆ ಸೈಫನ್ ಇದೆ.

ಗಾರೆ ಕೆಲಸದವರು ಎರಡು ಗೋಡೆಗಳ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಅದೇ ಲೆವೆಲ್ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆಯ ಮೇಲೆ ಸಿಗುತ್ತದೆ. ಅರ್ಧ ಇಂಚಿನದು ಎರಡೂವರೆ ಮೀಟರ್ ಕೊಂಡರೆ ಸಾಕು. ಒಂದು ತುದಿ ತೊಟ್ಟಿಯೊಳಗೆ, ಇನ್ನೊಂದು ತುದಿ ಕೆಳಗೆ. ಪೈಪಿನ ತುಂಬ ನೀರಿದ್ದರೆ ಉದ್ದನೆಯ ಕೆಳಗಣ ತೋಳಿನ ನೀರಿನ ತೂಕ ಚಿಕ್ಕ ತೋಳಿನದಕ್ಕಿಂತ ಹೆಚ್ಚು. ಅದು ಜಾರಿದಂತೆಲ್ಲ ತೊಟ್ಟಿಯ ಮೇಲೆ ಒತ್ತುವ ವಾಯುಮಂಡಲ ಹಿಂದಿನ ನೀರನ್ನು ಪೈಪಿಗೆ ದೂಡುತ್ತದೆ. ಮೇಜಿನಿಂದ ನೆಲಕ್ಕೆ ಒಂದು ಮೀಟರಿನಷ್ಟು ಇಳಿತವಿದ್ದರೆ ನಿಮಿಷಕ್ಕೆ ಎಂಟು ಹತ್ತು ಲೀಟರ್ ಬರುತ್ತದೆ. ಅಂದರೆ ವಾರದ 11 ಲೀಟರಿಗೆ ಎರಡು ನಿಮಿಷವೂ ಬೇಡ. ಮಕ್ಕಳಿಗೆ ಒಂದು ಪ್ರಶ್ನೆ: ಮಧುಗಿರಿ ಬೆಟ್ಟದ ತುದಿಯಲ್ಲಿ ಗಾಳಿಯ ಒತ್ತಡ ಊರಿನಲ್ಲಿರುವುದಕ್ಕಿಂತ ಕಡಿಮೆ. ಇದೇ ತೊಟ್ಟಿ, ಇದೇ ಮೇಜು, ಇದೇ ಪೈಪನ್ನು ಬೆಟ್ಟದ ಮೇಲೆ ಇಟ್ಟರೆ ನೀರು ನಿಧಾನವಾಗಿ ಹರಿಯುತ್ತದೆಯೇ? ಹರಿಯುವುದಿಲ್ಲ, ವೇಗ ಅಷ್ಟೇ ಇರುತ್ತದೆ. ವೇಗವನ್ನು ನಿರ್ಧರಿಸುವುದು ತೊಟ್ಟಿಯ ನೀರಿನ ಮಟ್ಟಕ್ಕೂ ಪೈಪಿನ ಕೆಳತುದಿಗೂ ಇರುವ ಎತ್ತರದ ಅಂತರ. ಗಾಳಿಯ ಒತ್ತಡದ ಮಿತಿ ಗೊತ್ತಾಗುವುದು ನೀರನ್ನು ಮಟ್ಟಕ್ಕಿಂತ ಒಂಬತ್ತು ಮೀಟರಿನಷ್ಟು ಮೇಲೇರಿಸಿ ದಾಟಿಸಲು ಹೊರಟಾಗ ಮಾತ್ರ. ಮೀನಿನ ತೊಟ್ಟಿಯಲ್ಲಿ ನೀರು ದಾಟಬೇಕಾದದ್ದು ನಾಲ್ಕು ಬೆರಳಿನ ಅಂಚನ್ನು.

ಸೈಫನ್ ಶುರು ಮಾಡಲು ಬಾಯಿಂದ ಎಳೆಯುವುದನ್ನು ಮಕ್ಕಳಿಗೆ ಕಲಿಸಲೇಬಾರದು. ಡೀಸೆಲ್ ಟ್ಯಾಂಕಿಗೆ ಪೈಪು ಹಾಕಿ ಬಾಯಲ್ಲಿ ಎಳೆಯುವ ಡ್ರೈವರುಗಳನ್ನು ನೋಡಿ ಹುಡುಗರು ಅದನ್ನೇ ಅನುಕರಿಸುತ್ತಾರೆ. ತೊಟ್ಟಿಯ ನೀರಿನಲ್ಲಿ ಮೀನಿನ ಹೊಲಸಿದೆ, ರೋಗಾಣುಗಳಿವೆ. ಪೈಪನ್ನು ನಲ್ಲಿಯಲ್ಲಿ ತುಂಬಿಸಿ ಎರಡೂ ತುದಿಗೆ ಹೆಬ್ಬೆರಳು ಒತ್ತಿ ತಂದು, ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗಿಳಿಸಿ ಬೆರಳು ತೆಗೆದರೆ ತಾನೇ ಹರಿಯುತ್ತದೆ. ಕೈಯಲ್ಲಿ ಗಾಯವಿದ್ದವರು ತೊಟ್ಟಿಗೆ ಕೈ ಹಾಕದಿರುವುದು ಒಳ್ಳೆಯದು. ಮೀನಿನ ತೊಟ್ಟಿಯಿಂದ ಗಾಯಕ್ಕೆ ಅಂಟಿ ಬಹಳ ದಿನ ಕಾಡುವ ಒಂದು ಚರ್ಮರೋಗವೇ ಇದೆ.

ತಳದ ಕಸ ತೆಗೆಯಲು ಒಂದು ಸೊಗಸಾದ ಉಪಾಯವಿದೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯ ತಳ ಕತ್ತರಿಸಿ, ಅದರ ಕತ್ತಿಗೆ ಪೈಪಿನ ತುದಿಯನ್ನು ಬಿಗಿಯಾಗಿ ಸೇರಿಸಬೇಕು. ಅಗಲವಾದ ಬಾಯನ್ನು ಕಲ್ಲುಗಳ ಮೇಲೆ ಊರಿದರೆ ಕಲ್ಲುಗಳು ಬಾಟಲಿಯೊಳಗೆ ಕುಣಿದು ಕೆಳಗೆ ಬೀಳುತ್ತವೆ, ಕಸ ಮಾತ್ರ ಮೇಲೇರಿ ಪೈಪು ಸೇರುತ್ತದೆ. ಬಾಟಲಿಯ ಅಡ್ಡಗಲ ಪೈಪಿನದಕ್ಕಿಂತ ಐದಾರು ಪಟ್ಟು ಹೆಚ್ಚು, ಆದ್ದರಿಂದ ವಿಸ್ತೀರ್ಣ ಮೂವತ್ತು ಪಟ್ಟು. ಅಷ್ಟೇ ನೀರು ಅಷ್ಟು ಅಗಲದಲ್ಲಿ ಹರಿಯಬೇಕಾದಾಗ ವೇಗ ಮೂವತ್ತನೆಯ ಒಂದು ಪಾಲಿಗೆ, ಸೆಕೆಂಡಿಗೆ ಐದು ಸೆಂಟಿಮೀಟರಿನಷ್ಟಕ್ಕೆ ಇಳಿಯುತ್ತದೆ. ಆ ವೇಗಕ್ಕೆ ಹಗುರವಾದ ಹೊಲಸು ಏರುತ್ತದೆ, ಕಲ್ಲು ಏರುವುದಿಲ್ಲ. ರಾಗಿ ತೂರುವಾಗ ಹೊಟ್ಟು ಗಾಳಿಗೆ ಹಾರಿ ಕಾಳು ಕೆಳಗೆ ಬೀಳುವುದೂ ಇದೇ ಲೆಕ್ಕದಲ್ಲಿ. ಕಲ್ಲು ತೆಗೆದು ತೊಳೆಯುವ ಕೆಲಸ ಇಲ್ಲಿಗೆ ಮುಗಿಯಿತು.

ಹೊಸ ನೀರು ತುಂಬುವುದು ಇದಕ್ಕಿಂತ ಸ್ವಲ್ಪ ಕಷ್ಟ, ಏಕೆಂದರೆ ಈಗ ನೀರು ಏರಬೇಕು. ಬಕೀಟನ್ನು ಸ್ಟೂಲಿನ ಮೇಲಿಟ್ಟು ಸೈಫನ್ ಮಾಡಿದರಾಯಿತು ಎನ್ನುವವರು ಸ್ಟೂಲಿನವರೆಗೆ ಎತ್ತುವವರು ಯಾರು ಎಂಬುದನ್ನು ಮರೆತಿರುತ್ತಾರೆ. ತಾರಸಿ ಮೇಲೆ ನೀರಿನ ಟ್ಯಾಂಕು ಇರುವ ಮನೆಯಾದರೆ ಹತ್ತಿರದ ನಲ್ಲಿಗೆ ಪೈಪು ಸಿಕ್ಕಿಸಿದರೆ ಸಾಕು. ಎತ್ತುವ ಕೆಲಸವನ್ನು ಮೋಟಾರು ಮೊದಲೇ ಮಾಡಿದೆ. ಇಲ್ಲದ ಮನೆಯಲ್ಲಿ ಏರ್ ಕೂಲರಿನೊಳಗೆ ಹಾಕುವ ಚಿಕ್ಕ ಪಂಪು ಒಳ್ಳೆಯ ಸಹಾಯಕ. 20 ವಾಟಿನ ಆಸುಪಾಸಿನ ಆ ಪಂಪು ನೆಲದ ಮೇಲಿನ ಡ್ರಮ್ಮಿನಿಂದ ಮೇಜಿನ ಎತ್ತರಕ್ಕೆ ನೀರನ್ನು ಆರಾಮವಾಗಿ ಏರಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ, ಇದನ್ನು ದೊಡ್ಡವರೇ ನೋಡಿಕೊಳ್ಳಬೇಕು: ಪಂಪು ನೀರಿನಲ್ಲಿ ಪೂರ್ತಿ ಮುಳುಗಿದ ಮೇಲೆಯೇ ಸ್ವಿಚ್ಚು ಹಾಕುವುದು, ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕುವುದು. ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರಬೇಕು. ಆಗ ವೈರಿನ ಮೇಲೆ ಜಾರಿ ಬರುವ ಹನಿ ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ನೀರು ಬೀಳುವ ಕಡೆ ಕಲ್ಲಿನ ಮೇಲೆ ಒಂದು ಸಾಸರ್ ಇಟ್ಟರೆ ತಳ ಕದಡುವುದಿಲ್ಲ.

ತೊಟ್ಟಿಯನ್ನು ಎಲ್ಲಿಡಬೇಕೆಂದು ಮೊದಲ ದಿನವೇ ಯೋಚಿಸಿದರೆ ಅರ್ಧ ಕಷ್ಟ ಕಡಿಮೆ. ತಳ ಸೊಂಟದ ಮಟ್ಟದಲ್ಲಿರಲಿ. ಷೋಕೇಸಿನ ನೆತ್ತಿಯ ಮೇಲೆ ಇಟ್ಟರೆ ಕೈ ಎತ್ತಬೇಕು, ನೆಲದ ಹಲಗೆಯ ಮೇಲೆ ಇಟ್ಟರೆ ಬಾಗಬೇಕು, ಸೈಫನ್ನಿಗೂ ಇಳಿತ ಸಿಗುವುದಿಲ್ಲ. ನಲ್ಲಿಗೂ ಕಿಟಕಿಗೂ ಹತ್ತಿರವಿರಬೇಕು, ಬಿಸಿಲು ನೇರವಾಗಿ ಬೀಳಬಾರದು. ನೀರು, ಗಾಜು, ಕಲ್ಲು ಸೇರಿ 60 ಕಿಲೋ ದಾಟುವುದರಿಂದ ಅಲುಗಾಡುವ ಮೇಜು ಆಗದು. ನೀರು ತುಂಬಿದ ತೊಟ್ಟಿಯನ್ನು ಇಬ್ಬರು ಹಿಡಿದು ಜರುಗಿಸುವ ಸಾಹಸವಂತೂ ಬೇಡವೇ ಬೇಡ. ಅಂಟಿನ ಕೀಲು ಬಿಟ್ಟರೆ ಗಾಜು, ನೀರು, ಬೆನ್ನು ಮೂರೂ ಒಟ್ಟಿಗೆ ಹೋಗುತ್ತವೆ.

ಯಾವ ನೀರು ಹಾಕಬೇಕೆಂಬುದು ಈ ಸೀಮೆಯಲ್ಲಿ ಪ್ರತ್ಯೇಕವಾಗಿ ವಿಚಾರಿಸಬೇಕಾದ ಸಂಗತಿ. ಪುರಸಭೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ರೋಗಾಣು ಕೊಲ್ಲುವ ಅದು ಮೀನಿನ ಕಿವಿರನ್ನೂ ಸುಡುತ್ತದೆ. ಬಾಯಗಲದ ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹಾರಿಹೋಗುತ್ತದೆ. ಅವಸರವಿದ್ದರೆ ಫೋಟೋ ಸ್ಟುಡಿಯೋದವರು ಹಿಂದೆ ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಹತ್ತು ಲೀಟರಿಗೆ ಅಕ್ಕಿಕಾಳಿನ ಗಾತ್ರದ ಒಂದೆರಡು ಹರಳು ಸಾಕು. ಕೊಳವೆ ಬಾವಿಯಿಂದ ನೇರವಾಗಿ ಬಂದ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಆಮ್ಲಜನಕ ಕಡಿಮೆ, ಬೆಚ್ಚಗೂ ಇರುತ್ತದೆ. ಅದಕ್ಕೂ ಒಂದು ರಾತ್ರಿಯ ವಿಶ್ರಾಂತಿ ಬೇಕು. ಗಡಸು ನೀರಿನ ಊರಿನಲ್ಲಿ ಅದಕ್ಕೆ ಹೊಂದುವ ಮೀನನ್ನೇ ಸಾಕುವುದು ಜಾಣತನ. ಗಪ್ಪಿ, ಮೋಲಿ, ಪ್ಲಾಟಿ ಗಡಸು ನೀರಿನಲ್ಲಿ ಸುಖವಾಗಿರುತ್ತವೆ. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದು ಇದೇ ಗಪ್ಪಿಯನ್ನು. ದುಬಾರಿ ಮೀನು ತಂದು ಅದಕ್ಕಾಗಿ ನೀರನ್ನೇ ಬದಲಿಸಲು ಹೆಣಗುವುದು ಇಲ್ಲಿಗೆ ತಕ್ಕದ್ದಲ್ಲ.

ಬೇಸಿಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೊಟ್ಟಿಯ ನೀರು ದಿನಕ್ಕೆ ಮೂರು ಮಿಲಿಮೀಟರ್ ಇಳಿದರೂ ಅರ್ಧ ಲೀಟರಿಗೂ ಹೆಚ್ಚು ಆವಿಯಾಯಿತು. ವಾರಕ್ಕೆ ಸುಮಾರು ನಾಲ್ಕು ಲೀಟರ್. ಆವಿಯಾಗುವುದು ಶುದ್ಧ ನೀರು, ಲವಣ ಉಳಿಯುತ್ತದೆ. ಲೀಟರಿಗೆ ಒಂದು ಗ್ರಾಂ ಲವಣವಿರುವ ನೀರನ್ನೇ ಮತ್ತೆ ಮತ್ತೆ ಹಾಕುತ್ತ ಹೋದರೆ ವಾರವಾರವೂ ನಾಲ್ಕು ಗ್ರಾಂ ಲವಣ ಸೇರುತ್ತದೆ. ಗಾಜಿನ ಅಂಚಿನಲ್ಲಿ ಕಾಣುವ ಬಿಳಿ ಗೆರೆ ಅದೇ. ಒಂದು ಚಮಚ ಬೋರ್ ನೀರು, ಒಂದು ಚಮಚ ಶುದ್ಧ ನೀರಿನ ಘಟಕದ ನೀರು, ಎರಡನ್ನೂ ಎರಡು ಸ್ಟೀಲ್ ತಟ್ಟೆಗಳಲ್ಲಿ ಬಿಸಿಲಿಗೆ ಒಣಗಿಸಿದರೆ ಮಕ್ಕಳಿಗೆ ವ್ಯತ್ಯಾಸ ಕಣ್ಣಾರೆ ಕಾಣುತ್ತದೆ. ಆದ್ದರಿಂದ ಆವಿಯಾದಷ್ಟನ್ನು ತುಂಬಲು ಕ್ಯಾನಿನ ನೀರು, ವಾರದ ಬದಲಾವಣೆಗೆ ತಂಗಿಸಿದ ಬಳಕೆಯ ನೀರು, ಹೀಗೆ ಹಂಚಿಕೊಂಡರೆ ಒಳ್ಳೆಯದು. ಪೂರ್ತಿ ಕ್ಯಾನಿನ ನೀರಿನಲ್ಲೇ ಮೀನು ಸಾಕಬಾರದು. ಅದರಲ್ಲಿ ಲವಣಗಳು ತೀರ ಕಡಿಮೆ, ಮೀನಿಗೂ ಅವು ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ನಲ್ಲಿ ಇಲ್ಲದ, ಬೀದಿಯ ತೊಂಬೆಯಿಂದ ಪ್ರತಿ ಬಿಂದಿಗೆಯನ್ನೂ ಹೊತ್ತು ತರುವ ಮನೆಯಲ್ಲಿ ಮೂರಡಿ ತೊಟ್ಟಿಯ ಆಸೆ ಬೇಡ. ಹತ್ತು ಹದಿನೈದು ಲೀಟರಿನ ತೊಟ್ಟಿ, ಒಂದು ಹಿಡಿ ಹೈಡ್ರಿಲಾ, ನಾಲ್ಕು ಗಪ್ಪಿ ಸಾಕು. ಬದಲಿಸಬೇಕಾದದ್ದು ವಾರಕ್ಕೆ ಮೂರು ನಾಲ್ಕು ಲೀಟರ್, ಅದನ್ನು ಏಳನೆಯ ತರಗತಿಯ ಹುಡುಗಿಯೋ ಹುಡುಗನೋ ಎರಡು ಸಲಕ್ಕೆ ತರಬಹುದು. ಶಾಲೆಯ ತೊಟ್ಟಿಯಾದರೆ ತರಗತಿಗೊಂದು ವಾರದಂತೆ ಪಾಳಿ ಹಾಕಿ, ದಿನಾಂಕ, ತೆಗೆದ ನೀರು, ಹಾಕಿದ ನೀರು, ಸತ್ತ ಮೀನು ಇದ್ದರೆ ಅದನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಚೆನ್ನ.

ಹೊರಬಂದ ನೀರಿಗೂ ಬಕೀಟು ಬೇಕಾಗಿಲ್ಲ. ಪೈಪನ್ನು ಇನ್ನೆರಡು ಮೀಟರ್ ಉದ್ದ ಕೊಂಡು ಕಿಟಕಿಯಿಂದ ಹೊರಗೆ ಬಿಟ್ಟರೆ, ಹೊರಗಿನ ನೆಲ ತೊಟ್ಟಿಯ ಮಟ್ಟಕ್ಕಿಂತ ಕೆಳಗಿದ್ದರಾಯಿತು, ನೀರು ನೇರವಾಗಿ ಕರಿಬೇವಿನ ಬುಡಕ್ಕೆ ಹೋಗುತ್ತದೆ. ನೈಟ್ರೇಟು ಗಿಡಕ್ಕೆ ಗೊಬ್ಬರ. ಕಿಟಕಿಯ ಕಟ್ಟೆ ತೊಟ್ಟಿಗಿಂತ ಒಂದು ಗೇಣು ಎತ್ತರವಿದ್ದರೂ ಚಿಂತೆಯಿಲ್ಲ, ಸೈಫನ್ ಅದನ್ನು ಹತ್ತಿ ಇಳಿಯುತ್ತದೆ. ಒಳತುದಿಯನ್ನು ಎಲ್ಲಿಯವರೆಗೆ ಇಳಿಬಿಡಬೇಕೆಂದು ಗಾಜಿನ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ, ಕಾಲು ಭಾಗ ನೀರು ಹೋದೊಡನೆ ಪೈಪಿಗೆ ಗಾಳಿ ಹೊಕ್ಕು ಹರಿವು ತಾನೇ ನಿಲ್ಲುತ್ತದೆ. ಪಕ್ಕದಲ್ಲಿ ಕಾವಲು ಕೂರುವ ಕೆಲಸವೂ ಯಾರಿಗೂ ಇರುವುದಿಲ್ಲ.